ದೂರ ಆಪ್ತಸಮಾಲೋಚನೆ

ಮಾನಸಿಕ ತೊಂದರೆಯಲ್ಲಿರುವ ವ್ಯಕ್ತಿ ಒಂದು ಊರಿನಲ್ಲಿ, ತರಬೇತಿ ಪಡೆದ ಸಮಾಲೋಚಕರು ಇನ್ನೊಂದು ಊರಿನಲ್ಲಿ ಇದ್ದುಕೊಂಡು ದೂರವಾಣಿ, ವಿಡಿಯೊ ಕರೆ ಅಥವಾ ಬರಹದ ಮೂಲಕ ನಡೆಸುವ ಚಿಕಿತ್ಸಕ ಮಾತುಕತೆಯೇ ದೂರ ಆಪ್ತಸಮಾಲೋಚನೆ. ಮನೋವೈದ್ಯರು ದೂರದಿಂದಲೇ ರೋಗಿಯನ್ನು ಪರೀಕ್ಷಿಸಿ ಔಷಧ ಸೂಚಿಸುವ ದೂರ ಮನೋವೈದ್ಯಕೀಯ ಇದಕ್ಕೆ ಹತ್ತಿರದ್ದು, ಆದರೆ ಬೇರೆಯದೇ ಸೇವೆ. ಸಮಾಲೋಚಕರಿಗೆ ಔಷಧ ಬರೆಯುವ ಅಧಿಕಾರವಿಲ್ಲ. ಆಲಿಸುವುದು, ತೊಂದರೆ ಎಷ್ಟು ಆಳವಾಗಿದೆ ಎಂದು ಅಳೆಯುವುದು, ಯೋಚನೆ ಮತ್ತು ನಡೆವಳಿಕೆಯ ರೂಢಿಗಳನ್ನು ನಿಧಾನವಾಗಿ ಬದಲಿಸಲು ನೆರವಾಗುವುದು, ಪ್ರಾಣಾಪಾಯದ ಸುಳಿವು ಕಂಡರೆ ತಡಮಾಡದೆ ಸರಿಯಾದ ಕಡೆಗೆ ಮುಟ್ಟಿಸುವುದು ಅವರ ಕೆಲಸ.

ಇಂಥ ಸೇವೆಯ ಅಗತ್ಯ ಹುಟ್ಟಿದ್ದು ಕೊರತೆಯಿಂದ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ ವಯಸ್ಕರಲ್ಲಿ 10.6% ಜನರಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಕಾಯಿಲೆಯ ಬಗೆಗೆ ತಕ್ಕಂತೆ ಅವರಲ್ಲಿ 70ರಿಂದ 92% ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಆ 12 ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕ ಇರಲಿಲ್ಲ. ಕೋಲಾರ ಜಿಲ್ಲೆಯಲ್ಲಿ ಪೂರ್ವಭಾವಿ ಅಧ್ಯಯನವಷ್ಟೇ ನಡೆಯಿತು. ರಾಜ್ಯದಲ್ಲಿ ಪರಿಣತರು ಇದ್ದಾರೆ, ಆದರೆ ಅವರು ನೆಲೆಸಿರುವುದು ಹೆಚ್ಚಾಗಿ ಬೆಂಗಳೂರು, ಮಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡಗಳಲ್ಲಿ. ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಹೊಳೆಮಣ್ಣೂರಿನಂಥ ಮಲಪ್ರಭಾ ದಂಡೆಯ ಊರಿನಿಂದ ನಿಮ್ಹಾನ್ಸ್ 400 ಕಿ.ಮೀ.ಗೂ ಹೆಚ್ಚು ದೂರ. ಧಾರವಾಡದ ಮಾನಸಿಕ ಆಸ್ಪತ್ರೆಗೆ ಹೋಗಿಬರುವುದೆಂದರೂ ಬಸ್ಸು ಬದಲಿಸಿ, ಒಂದು ದಿನದ ಕೂಲಿ ಬಿಟ್ಟು, ಜೊತೆಗೆ ಬರುವವರ ಕೂಲಿಯನ್ನೂ ಬಿಡಿಸಿ ಹೋಗಬೇಕು.

ಹಿನ್ನೆಲೆ

ಲಂಡನ್ನಿನಲ್ಲಿ 1953ರಲ್ಲಿ ಚಾಡ್ ವಾರಾ ಎಂಬ ಪಾದ್ರಿ ಆರಂಭಿಸಿದ ಸಮರಿಟನ್ಸ್ ಸಂಸ್ಥೆ, ಬದುಕು ಸಾಕೆನಿಸಿದವರು ಕರೆಮಾಡಿ ಮಾತಾಡಬಹುದಾದ ಸಹಾಯವಾಣಿಗಳಿಗೆ ಮಾದರಿಯಾಯಿತು. ಅಮೆರಿಕದ ನೆಬ್ರಾಸ್ಕದಲ್ಲಿ 1950ರ ದಶಕದ ಕೊನೆಯಲ್ಲಿ ಸಿಸಿಲ್ ವಿಟ್ಸನ್ ಮತ್ತು ಸಂಗಡಿಗರು ಎರಡೂ ಕಡೆ ಕಾಣುವ ಟಿ.ವಿ. ಸಂಪರ್ಕದಲ್ಲಿ ಗುಂಪು ಚಿಕಿತ್ಸೆ ನಡೆಸಿ ನೋಡಿದರು. ಭಾರತದಲ್ಲಿ ಚೆನ್ನೈನ ಸ್ಕಾರ್ಫ್ ಸಂಸ್ಥೆ ಸುನಾಮಿಯ ನಂತರದ ವರ್ಷಗಳಲ್ಲಿ ತಮಿಳುನಾಡಿನ ಕರಾವಳಿಗೆ ವಿಡಿಯೊ ಮೂಲಕ ಮನೋವೈದ್ಯರನ್ನು ಮುಟ್ಟಿಸಿ, ಆಮೇಲೆ ಪುದುಕೋಟೆ ಜಿಲ್ಲೆಯ ಹಳ್ಳಿಗಳಿಗೆ ಅದೇ ಸೇವೆಯ ಬಸ್ಸನ್ನು ಓಡಿಸಿತು.

ಕನ್ನಡದಲ್ಲಿ ದೂರದ ಸಮಾಲೋಚನೆ ದೂರವಾಣಿಗಿಂತ ಮೊದಲು ಅಂಚೆಯ ಮೂಲಕ ಬಂತು. ವಾರಪತ್ರಿಕೆ, ಮಾಸಪತ್ರಿಕೆಗಳ ಪ್ರಶ್ನೋತ್ತರ ಅಂಕಣಗಳಿಗೆ ಹೆಸರು ಮುಚ್ಚಿಟ್ಟು ಬರೆದ ಪತ್ರಗಳಲ್ಲಿ ಮದುವೆಯ ಭಯ, ಪರೀಕ್ಷೆಯ ಭಯ, ನಿದ್ದೆಗೇಡು, ಗಂಡನ ಕುಡಿತ ಇವೆಲ್ಲ ಇದ್ದವು. ‘ರಾಶಿ’ ಎಂಬ ಹೆಸರಿನಲ್ಲಿ ಹಾಸ್ಯ ಬರೆದು ಪ್ರಸಿದ್ಧರಾಗಿದ್ದ ವೈದ್ಯ ಎಂ. ಶಿವರಾಂ ಮನೋರೋಗಗಳನ್ನು ಜನರಿಗೆ ತಿಳಿಯುವ ಕನ್ನಡದಲ್ಲಿ ವಿವರಿಸಿದರು. ಅವರ ‘ಮನಮಂಥನ’ ಕೃತಿಗೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ನಿಮ್ಹಾನ್ಸ್‌ನ ಪ್ರಾಧ್ಯಾಪಕರಾಗಿದ್ದ ಸಿ.ಆರ್. ಚಂದ್ರಶೇಖರ್ ನೂರಾರು ಪುಸ್ತಕ ಮತ್ತು ಅಂಕಣಗಳ ಮೂಲಕ ಆ ಕೆಲಸವನ್ನು ಮುಂದುವರಿಸಿ, ಸ್ವಯಂಸೇವಕರಿಗೆ ಆಪ್ತಸಲಹೆಯ ತರಬೇತಿ ಕೊಟ್ಟರು. ಊರಿನಲ್ಲಿ ಯಾರಿಗೂ ಗೊತ್ತಾಗದಂತೆ ನೆರವು ಕೇಳಬೇಕೆಂಬ ಆಸೆ ಇಂದು ಫೋನು ಹಿಡಿಯುವವರಲ್ಲಿ ಎಷ್ಟಿದೆಯೋ ಅಂದು ಪತ್ರ ಬರೆದವರಲ್ಲಿಯೂ ಅಷ್ಟೇ ಇತ್ತು.

ಬೆಂಗಳೂರಿನಲ್ಲಿ 2002ರಲ್ಲಿ ಮೆಡಿಕೊ ಪಾಸ್ಟೊರಲ್ ಅಸೋಸಿಯೇಷನ್ ಮತ್ತು ಇತರ ಸಂಸ್ಥೆಗಳ ನೆರವಿನಿಂದ ‘ಸಹಾಯ್’ ಸಹಾಯವಾಣಿ ಆರಂಭವಾಯಿತು. ಉತ್ತರ ಕರ್ನಾಟಕದ ಮಟ್ಟಿಗೆ ಅದಕ್ಕಿಂತ ಹತ್ತಿರದ್ದು 104 ಸಂಖ್ಯೆಯ ‘ಆರೋಗ್ಯವಾಣಿ’. 2013ರಲ್ಲಿ ಹುಬ್ಬಳ್ಳಿಯಿಂದ ಕೆಲಸ ಆರಂಭಿಸಿದ ಈ ಸರ್ಕಾರಿ ಸೇವೆಯಲ್ಲಿ ವೈದ್ಯಕೀಯ ಸಲಹೆಯ ಜೊತೆಗೆ ಆಪ್ತಸಮಾಲೋಚನೆಯೂ ಇತ್ತು. ರೋಣ, ನರಗುಂದದ ಕಡೆಯಿಂದ ಕರೆ ಮಾಡಿದವರಿಗೆ ತಮ್ಮ ಸೀಮೆಯ ಮಾತಿಗೆ ಹತ್ತಿರದ ದನಿ ಕೇಳಿಸುವ ಸಾಧ್ಯತೆ ಅಲ್ಲಿಂದ ಶುರುವಾಯಿತು.

ಕೋವಿಡ್ ಈ ಕ್ಷೇತ್ರವನ್ನು ಪೂರ್ತಿ ಬದಲಿಸಿತು. ದೇಶಕ್ಕೆ ಬೀಗಮುದ್ರೆ ಬಿದ್ದ ದಿನವೇ, 2020ರ ಮಾರ್ಚ್ 25ರಂದು, ಟೆಲಿಮೆಡಿಸಿನ್ ಅಭ್ಯಾಸದ ಮಾರ್ಗಸೂಚಿ ಹೊರಬಂದು ವೈದ್ಯರ ದೂರಸೇವೆಗೆ ಮೊದಲ ಬಾರಿಗೆ ಸ್ಪಷ್ಟ ನಿಯಮಗಳು ಸಿಕ್ಕವು. ಅದೇ ವರ್ಷ ನಿಮ್ಹಾನ್ಸ್, ಭಾರತೀಯ ಮನೋವೈದ್ಯರ ಸಂಘ ಮತ್ತು ಟೆಲಿಮೆಡಿಸಿನ್ ಸೊಸೈಟಿ ಸೇರಿ ದೂರ ಮನೋವೈದ್ಯಕೀಯದ ಕಾರ್ಯಸೂಚಿ ರೂಪಿಸಿದವು. ನಿಮ್ಹಾನ್ಸ್‌ನ ಚಿಕಿತ್ಸಾ ಮನೋವಿಜ್ಞಾನ ವಿಭಾಗವು ದೂರ ಮನೋಚಿಕಿತ್ಸೆಗೆಂದೇ ಮತ್ತೊಂದು ಮಾರ್ಗಸೂಚಿ ತಂದಿತು. ಮಾನಸಿಕ ಬೆಂಬಲದ ರಾಷ್ಟ್ರೀಯ ಸಹಾಯವಾಣಿಯನ್ನೂ ನಿಮ್ಹಾನ್ಸ್ ನಡೆಸಿತು. ಜಿಲ್ಲಾ ಮಾನಸಿಕ ಆರೋಗ್ಯ ತಂಡಗಳು ಸೋಂಕಿತರಿಗೆ, ಪ್ರತ್ಯೇಕವಾಸದಲ್ಲಿದ್ದವರಿಗೆ, ಹೊರರಾಜ್ಯದಿಂದ ನಡೆದು ಬಂದ ಕೂಲಿಕಾರರಿಗೆ ಕರೆ ಮಾಡಿ ಮಾತಾಡಿಸಿದವು. ಕೇಂದ್ರ ಸಾಮಾಜಿಕ ನ್ಯಾಯ ಸಚಿವ ಥಾವರ್‌ಚಂದ್ ಗೆಹ್ಲೋಟ್ 2020ರ ಸೆಪ್ಟೆಂಬರ್ 7ರಂದು 13 ಭಾಷೆಗಳ ‘ಕಿರಣ್’ ಸಹಾಯವಾಣಿಗೆ ಚಾಲನೆ ಕೊಟ್ಟರು. ಎರಡು ವರ್ಷದ ನಂತರ, 2022ರ ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದಂದು, ಕರ್ನಾಟಕದ ರಾಜ್ಯಪಾಲರಾಗಿ ‘ಟೆಲಿ ಮನಸ್’ ಸೇವೆಯನ್ನು ಉದ್ಘಾಟಿಸಿದವರೂ ಅವರೇ.

ಟೆಲಿ ಮನಸ್

ಕೇಂದ್ರದ 2022ರ ಬಜೆಟ್ಟಿನಲ್ಲಿ ಘೋಷಣೆಯಾದ ಈ ಸೇವೆಯ ಸಂಖ್ಯೆ 14416. ಕರೆಗೆ ಹಣವಿಲ್ಲ, ಹಗಲು ರಾತ್ರಿ ಯಾವಾಗಲೂ ಮಾಡಬಹುದು. ಕರೆ ಕೂಡಿದ ಕೂಡಲೇ ಭಾಷೆ ಆರಿಸಿಕೊಳ್ಳುವಂತೆ ದನಿ ಕೇಳುತ್ತದೆ. 20 ಭಾಷೆಗಳಲ್ಲಿ ಕನ್ನಡವೂ ಒಂದು. ನಿಮ್ಹಾನ್ಸ್ ಇದರ ಪರಮೋಚ್ಚ ಕೇಂದ್ರ. ತಂತ್ರಜ್ಞಾನದ ಹೊಣೆ ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯದು. 19ನೇ ಶತಮಾನದ ನಡುವಿನಲ್ಲಿ ಬ್ರಿಟಿಷರು ಕಟ್ಟಿದ ಹುಚ್ಚಾಸ್ಪತ್ರೆಯಿಂದ ಬೆಳೆದು ಬಂದ ಧಾರವಾಡದ ಡಿಮ್ಹಾನ್ಸ್ ಕೂಡ ಈ ಜಾಲದಲ್ಲಿದೆ. ಮನೋರೋಗಿಗಳನ್ನು ಊರಿಂದ ದೂರವಿಟ್ಟು ಗೋಡೆಯೊಳಗೆ ಇರಿಸುವುದಕ್ಕಾಗಿ ಹುಟ್ಟಿದ ಸಂಸ್ಥೆ ಇಂದು ಅವರ ಮನೆಯ ಫೋನಿಗೆ ಓಗೊಡುತ್ತಿರುವುದು ಸಣ್ಣ ಬದಲಾವಣೆಯಲ್ಲ.

ವ್ಯವಸ್ಥೆಗೆ ಎರಡು ಹಂತಗಳಿವೆ. ಮೊದಲ ಹಂತದಲ್ಲಿ ರಾಜ್ಯದ ಘಟಕದಲ್ಲಿ ತರಬೇತಿ ಪಡೆದ ಸಮಾಲೋಚಕರು ಕರೆ ಎತ್ತುತ್ತಾರೆ. ಬಿಗಿಯಾದ ಪ್ರಕರಣವಾದರೆ ಅಲ್ಲಿಯೇ ಇರುವ ಮನೋವೈದ್ಯರು, ಚಿಕಿತ್ಸಾ ಮನೋವಿಜ್ಞಾನಿಗಳು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರಲ್ಲಿ ಒಬ್ಬರಿಗೆ ದಾಟಿಸುತ್ತಾರೆ. ಮುಖಾಮುಖಿ ಪರೀಕ್ಷೆ ಬೇಕಾದರೆ ಎರಡನೆಯ ಹಂತ: ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ, ವೈದ್ಯಕೀಯ ಕಾಲೇಜು ಅಥವಾ ಇ-ಸಂಜೀವನಿ ಎಂಬ ಸರ್ಕಾರಿ ಟೆಲಿಮೆಡಿಸಿನ್ ಸೇವೆಯ ವಿಡಿಯೊ ಸಮಾಲೋಚನೆ. 2024ರ ಅಕ್ಟೋಬರ್‌ನಲ್ಲಿ ಟೆಲಿ ಮನಸ್ ಆ್ಯಪ್ ಬಂತು. ಅದರೊಡನೆ ಬಂದ ವಿಡಿಯೊ ಸೌಲಭ್ಯವನ್ನು ಮೊದಲು ಕೊಟ್ಟ ಪ್ರದೇಶಗಳಲ್ಲಿ ಕರ್ನಾಟಕವೂ ಸೇರಿದೆ. 

ಎರಡನೆಯ ಹಂತ ಗಟ್ಟಿಯಿಲ್ಲದಿದ್ದರೆ ಮೊದಲನೆಯದು ಬರೀ ಸಾಂತ್ವನವಾಗಿ ಉಳಿಯುತ್ತದೆ. ಈ ವಿಷಯದಲ್ಲಿ ಕರ್ನಾಟಕಕ್ಕೆ ಹಳೆಯ ಅನುಭವವಿದೆ. 1980ರ ದಶಕದ ಉತ್ತರಾರ್ಧದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರ ತಂದಿತು. ದೇಶದಲ್ಲಿ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ ಈ ಬಳ್ಳಾರಿಯದೇ. ರಾಜ್ಯದ ‘ಮನೋಚೈತನ್ಯ’ ಯೋಜನೆಯಲ್ಲಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುವ ಏರ್ಪಾಡಿದೆ. ದೂರವಾಣಿಯ ಸಮಾಲೋಚಕರಿಗೆ ಈ ಮಂಗಳವಾರ ಬಹಳ ಬೆಲೆಯುಳ್ಳದ್ದು. “ಆಸ್ಪತ್ರೆಗೆ ತೋರಿಸಿ” ಎಂದು ಹೇಳಿ ಫೋನಿಡುವುದಕ್ಕೂ, ಯಾವ ದಿನ ಯಾವ ಆಸ್ಪತ್ರೆಯಲ್ಲಿ ಯಾರನ್ನು ಕಾಣಬೇಕೆಂದು ಹೇಳಿ ಮರುದಿನ ಹೋದರೋ ಇಲ್ಲವೋ ಎಂದು ವಿಚಾರಿಸುವುದಕ್ಕೂ ಅಜಗಜಾಂತರವಿದೆ.

ಅರ್ಹತೆ, ನೋಂದಣಿ, ಗಡಿ

ಸಮಾಲೋಚಕರ ಅರ್ಹತೆಯ ನಿಯಮ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಮಾನಸಿಕ ಆರೋಗ್ಯ ಸಮಾಲೋಚಕರ ವೃತ್ತಿಗೆ ಪ್ರತಿ ರಾಜ್ಯವೂ ಪ್ರತ್ಯೇಕ ಪರವಾನಗಿ ಕೊಡುತ್ತದೆ. ಸ್ನಾತಕೋತ್ತರ ಪದವಿ, ಮೇಲ್ವಿಚಾರಣೆಯಲ್ಲಿ ಸಾವಿರಾರು ಗಂಟೆಗಳ ಕೆಲಸ, ಪರೀಕ್ಷೆ ಇವಾದ ಮೇಲೆ ಸಿಗುವ ಪರವಾನಗಿ ಆ ರಾಜ್ಯಕ್ಕಷ್ಟೇ ಸಲ್ಲುತ್ತದೆ. ದೂರದಿಂದ ಕೆಲಸ ಮಾಡುವವರಿಗೆ ಅಲ್ಲಿಯ ಸಾಮಾನ್ಯ ನಿಯಮವೆಂದರೆ, ಸಮಾಲೋಚಕರು ಕುಳಿತ ಜಾಗಕ್ಕಿಂತ ನೆರವು ಪಡೆಯುವವರು ಆ ಹೊತ್ತಿಗೆ ಇರುವ ರಾಜ್ಯದ ಕಾನೂನು ಮುಖ್ಯ. ನ್ಯೂಜೆರ್ಸಿಯ ಪರವಾನಗಿ ಇರುವ ಕನ್ನಡಿಗ ಸಮಾಲೋಚಕಿಯೊಬ್ಬರು ಟೆಕ್ಸಾಸ್‌ನ ಕನ್ನಡ ಕುಟುಂಬಕ್ಕೆ ವಿಡಿಯೊದಲ್ಲಿ ಚಿಕಿತ್ಸೆ ಕೊಡಬೇಕಾದರೆ ಅಲ್ಲಿಯ ಅನುಮತಿಯೂ ಬೇಕು. ಈ ತೊಡಕನ್ನು ಸಡಿಲಿಸಲು ಹಲವು ರಾಜ್ಯಗಳು 2021ರಿಂದ ಈಚೆಗೆ ಪರಸ್ಪರ ಒಪ್ಪಂದದ ಕಾನೂನು ಮಾಡಿಕೊಂಡಿವೆ. ಬ್ರಿಟನ್ನಿನಲ್ಲಿ ಸಮಾಲೋಚಕ ಎಂಬ ಹೆಸರಿಗೆ ಕಾನೂನಿನ ರಕ್ಷಣೆಯಿಲ್ಲ. ವೃತ್ತಿಸಂಘಗಳ ಸ್ವಯಂ ನೋಂದಣಿಯೇ ಅಲ್ಲಿ ಆಧಾರ. ಹೊರದೇಶದಲ್ಲಿರುವ ಮಕ್ಕಳಿಗೆ ಬೆಂಗಳೂರಿನಿಂದ ಸಮಾಲೋಚನೆ ಕೊಡಿಸುವ ಕುಟುಂಬಗಳು ಈ ಗಡಿಯ ಪ್ರಶ್ನೆಯನ್ನು ಗಮನಿಸುವುದು ಕಡಿಮೆ. ಅಪಾಯದ ಗಳಿಗೆ ಬಂದರೆ ಬೆಂಗಳೂರಿನ ಸಮಾಲೋಚಕರಿಗೆ ಅಲ್ಲಿಯ ಆಂಬುಲೆನ್ಸನ್ನು ಕರೆಯುವ ದಾರಿಯೂ ಗೊತ್ತಿರಬೇಕಾಗುತ್ತದೆ.

ಭಾರತದಲ್ಲಿ ಚಿತ್ರ ಬೇರೆ. ಚಿಕಿತ್ಸಾ ಮನೋವಿಜ್ಞಾನಿ ಎಂದು ಕರೆದುಕೊಳ್ಳಲು 1992ರ ಕಾಯ್ದೆಯಡಿ ರಚನೆಯಾದ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಇರಬೇಕು. ಅದಕ್ಕೆ ದಾರಿಯಾಗಿದ್ದ ಎರಡು ವರ್ಷದ ಎಂ.ಫಿಲ್. ಶಿಕ್ಷಣ ನಿಮ್ಹಾನ್ಸ್‌ನಲ್ಲಿಯೂ ಡಿಮ್ಹಾನ್ಸ್‌ನಲ್ಲಿಯೂ ನಡೆದುಬಂದಿದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರಂತೆ ಚಿಕಿತ್ಸಾ ಮನೋವಿಜ್ಞಾನಿಗಳು, ಮಾನಸಿಕ ಆರೋಗ್ಯ ಶುಶ್ರೂಷಕರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳಬೇಕು. ಮನೋವಿಜ್ಞಾನ ಅಥವಾ ಸಮಾಜಕಾರ್ಯದಲ್ಲಿ ಎಂ.ಎ., ಎಂ.ಎಸ್ಸಿ. ಮಾಡಿ ಸಮಾಲೋಚಕರಾದ ಬಹುಸಂಖ್ಯಾತರಿಗೆ ಮಾತ್ರ ಬಹುಕಾಲ ಯಾವ ನೋಂದಣಿ ಪಟ್ಟಿಯೂ ಇರಲಿಲ್ಲ. 2021ರ ರಾಷ್ಟ್ರೀಯ ಸಹವರ್ತಿ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆ ಈ ವರ್ಗವನ್ನೂ ತನ್ನ ಅನುಸೂಚಿಗೆ ಸೇರಿಸಿಕೊಂಡಿದೆ. ವಾರಾಂತ್ಯದ ತರಬೇತಿ ಮುಗಿಸಿ ಸಮಾಲೋಚಕರೆಂದು ಫಲಕ ಹಾಕಿಕೊಳ್ಳುವವರನ್ನು ತಡೆಯಲು ಇಂಥ ಪಟ್ಟಿ ತೀರ ಅಗತ್ಯ. ಪರದೆಯ ಮೇಲೆ ಎಲ್ಲರ ಕೋಣೆಯೂ ಒಂದೇ ತರಹ ಕಾಣುವುದರಿಂದ ದೂರಸೇವೆಯಲ್ಲಿ ಈ ಅಪಾಯ ಇನ್ನೂ ಹೆಚ್ಚು. ಸಮಾಲೋಚಕರ ಓದು, ನೋಂದಣಿ ಸಂಖ್ಯೆ, ಮೇಲ್ವಿಚಾರಕರ ವಿವರ ಕೇಳುವ ಹಕ್ಕು ನೆರವು ಕೋರುವವರಿಗೆ ಇದೆ. ಕೇಳಿದರೆ ಬೇಸರಪಡುವವರಿಂದ ದೂರ ಇರುವುದೇ ಲೇಸು.

ಕರೆಯ ಕ್ರಮ

ಚೆನ್ನಾಗಿ ನಡೆಯುವ ದೂರ ಸಮಾಲೋಚನೆಯ ಮೊದಲ ನಿಮಿಷಗಳು ತುಸು ಶಿಷ್ಟಾಚಾರದಂತೆ ಕೇಳಿಸುತ್ತವೆ. ಸಮಾಲೋಚಕರು ತಮ್ಮ ಹೆಸರು, ಅರ್ಹತೆ ಹೇಳಿ, ಕರೆ ಮಾಡಿದವರು ಈಗ ಎಲ್ಲಿದ್ದಾರೆ, ಅಕ್ಕಪಕ್ಕ ಯಾರಿದ್ದಾರೆ, ಕರೆ ತುಂಡಾದರೆ ಯಾವ ಸಂಖ್ಯೆಗೆ ಮಾಡಬೇಕು, ತುರ್ತಿನಲ್ಲಿ ಮನೆಯವರಲ್ಲಿ ಯಾರನ್ನು ಕರೆಯಬಹುದು ಎಂದು ಕೇಳಿಕೊಳ್ಳುತ್ತಾರೆ. ಇದರಲ್ಲಿ ಒಂದನ್ನೂ ಬಿಡುವಂತಿಲ್ಲ. ಕೊಠಡಿಯಲ್ಲಿ ಎದುರು ಕುಳಿತವರು ಎದ್ದು ಹೋದರೆ ಬಾಗಿಲವರೆಗಾದರೂ ಹಿಂದೆ ಹೋಗಬಹುದು. ಫೋನಿನಲ್ಲಿ ದನಿ ನಿಂತುಹೋದರೆ ಸಮಾಲೋಚಕರ ಕೈಯಲ್ಲಿ ಉಳಿಯುವುದು ಆ ಮೊದಲ ನಿಮಿಷಗಳಲ್ಲಿ ಬರೆದುಕೊಂಡ ಊರಿನ ಹೆಸರು ಮತ್ತು ಇನ್ನೊಂದು ಸಂಖ್ಯೆ ಮಾತ್ರ.

ಗೋಪ್ಯತೆ 2017ರ ಕಾಯ್ದೆಯ 23ನೇ ಪ್ರಕರಣದಂತೆ ರೋಗಿಯ ಹಕ್ಕು. ಜೀವಕ್ಕೆ ಅಪಾಯ, ಇನ್ನೊಬ್ಬರಿಗೆ ಹಾನಿಯ ಬೆದರಿಕೆ, ನ್ಯಾಯಾಲಯದ ಆದೇಶದಂಥ ಸಂದರ್ಭಗಳಲ್ಲಿ ಮಾತ್ರ ವಿನಾಯಿತಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯಂತೆ ವರದಿ ಮಾಡಲೇಬೇಕು. ಈ ಮಿತಿಗಳನ್ನು ಮೊದಲೇ ಹೇಳುವುದು ಪ್ರಾಮಾಣಿಕತೆ. ಮಾತು ಹೊರಬಿದ್ದ ಮೇಲೆ ಹೇಳಿದರೆ ನಂಬಿಕೆ ಮುರಿಯುತ್ತದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ 2017ರ ಕಾಯ್ದೆಯ 115ನೇ ಪ್ರಕರಣ ಭಾವಿಸುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆಯ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮೂ ಇಲ್ಲ. ಪೊಲೀಸ್ ಕೇಸಾಗುತ್ತದೆ ಎಂಬ ಹೆದರಿಕೆಯಿಂದ ಬಾಯಿಬಿಡದ ಮನೆಗಳು ಇನ್ನೂ ಇರುವುದರಿಂದ ಸಮಾಲೋಚಕರು ಇದನ್ನು ಬಿಡಿಸಿ ಹೇಳಬೇಕಾಗುತ್ತದೆ.

ಮುಖ ಕಾಣದ ಕರೆಯಲ್ಲಿ ಕಿವಿಯೇ ಎಲ್ಲ. ಉಸಿರು, ಮಾತಿನ ನಡುವಿನ ಬಿಡುವು, ಇದ್ದಕ್ಕಿದ್ದಂತೆ ತಗ್ಗುವ ದನಿ, ಹಿನ್ನೆಲೆಯಲ್ಲಿ ಯಾರೋ ಬಂದಾಗ “ಹೂಂ, ಆರಾಮ ಅದೀನಿ” ಎಂದು ಬದಲಾಗುವ ಧಾಟಿ, ಇವುಗಳಿಂದ ಸಮಾಲೋಚಕರು ತಿಳಿಯಬೇಕು. ಎದುರಿಗೆ ಕುಳಿತಾಗ ಮೌನ ಒಂದು ಸಾಂತ್ವನ. ಫೋನಿನಲ್ಲಿ ಅದೇ ಮೌನ ಕರೆ ಕಟ್ಟಾಯಿತೇನೋ ಎಂಬ ಗಾಬರಿ ಹುಟ್ಟಿಸುತ್ತದೆ. ಆದ್ದರಿಂದ ನಡುನಡುವೆ “ಇಲ್ಲೇ ಇದ್ದೀನಿ, ಹೇಳಿ” ಎನ್ನುವುದು ರೂಢಿ.

ಮಲಪ್ರಭೆಯ ದಂಡೆಯಲ್ಲಿ

ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳು ಎರೆಭೂಮಿಯ, ಹೆಚ್ಚಾಗಿ ಮಳೆಯನ್ನೇ ನಂಬಿದ ಸೀಮೆ. ಹೆಸರು, ಕಡಲೆ, ಜೋಳ, ಹತ್ತಿ, ಉಳ್ಳಾಗಡ್ಡಿ, ಒಣಮೆಣಸಿನಕಾಯಿ ಇಲ್ಲಿನ ಬೆಳೆ. ಗಜೇಂದ್ರಗಡದಲ್ಲಿ ನೇಕಾರಿಕೆಯೂ ಇದೆ. ಇದೇ ಸೀಮೆಗೆ ಬರವೂ ಬರುತ್ತದೆ, ಹೊಳೆಯೂ ಬರುತ್ತದೆ. ನವಿಲುತೀರ್ಥ ಜಲಾಶಯ ತುಂಬಿ ನೀರು ಬಿಟ್ಟಾಗ, ಅದಕ್ಕೆ ಬೆಣ್ಣೆಹಳ್ಳವೂ ಕೂಡಿಕೊಂಡಾಗ ಹೊಳೆಮಣ್ಣೂರ, ಗಾಡಗೋಳಿ, ಮೆಣಸಗಿ, ಹೊಳೆಆಲೂರಿನಂಥ ದಂಡೆಯ ಊರುಗಳು ಮುಳುಗಡೆಯ ಭಯಕ್ಕೆ ಸಿಲುಕುತ್ತವೆ. 2009ರ ಸೆಪ್ಟೆಂಬರ್ ಕೊನೆಯ ಮಳೆಯೂ 2019ರ ಆಗಸ್ಟ್‌ನ ನೆರೆಯೂ ಇಲ್ಲಿನ ಜನ ಮರೆಯದ ಗುರುತುಗಳು. 2009ರ ನಂತರ ನೆರೆಪೀಡಿತ ಊರುಗಳಿಗೆ ಎತ್ತರದಲ್ಲಿ ‘ಆಸರೆ’ ಮನೆಗಳ ನವಗ್ರಾಮಗಳು ಎದ್ದವು. ಹಳೆಯ ಊರಿನ ಮನೆ, ಹಿತ್ತಲು, ಗುಡಿ, ನೆರೆಹೊರೆ ಒಂದು ಕಡೆ, ಹೊಸ ಮನೆ ಇನ್ನೊಂದು ಕಡೆ ಎಂಬ ಸ್ಥಿತಿ ಮನಸ್ಸಿನ ಮೇಲೆ ಬೀಳುವ ಭಾರವೂ ಹೌದು.

ನೆರೆಯ ನಂತರದ ಮಾನಸಿಕ ತೊಂದರೆ ಒಂದೇ ಸಲಕ್ಕೆ ಮುಗಿಯುವಂಥದ್ದಲ್ಲ. ಮೊದಲ ವಾರಗಳಲ್ಲಿ ಕಾಳಜಿ ಕೇಂದ್ರದ ಗದ್ದಲದಲ್ಲಿ ಅದು ಕಾಣುವುದಿಲ್ಲ. ಪರಿಹಾರದ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದಾಗ, ಮತ್ತೆ ಮಳೆಗಾಲ ಬಂದು ರಾತ್ರಿ ಗುಡುಗಿದಾಗ, ನಿದ್ದೆ ಹಾರಿದ ಹಿರಿಯರಲ್ಲಿ, ಸುಮ್ಮನೆ ಅಳುವ ಮಕ್ಕಳಲ್ಲಿ ಅದು ತಲೆಯೆತ್ತುತ್ತದೆ. ಲಾತೂರು, ಗುಜರಾತ್ ಭೂಕಂಪಗಳಿಂದ ಕೊಡಗು, ಕೇರಳದ 2018ರ ಮಳೆಯವರೆಗೆ ವಿಪತ್ತಿನ ನಂತರದ ಮಾನಸಿಕ ನೆರವಿನಲ್ಲಿ ನಿಮ್ಹಾನ್ಸ್ ಗಳಿಸಿದ ಅನುಭವದ ಸಾರವೇ ಇದು: ನೆರವು ತಿಂಗಳುಗಟ್ಟಲೆ ಮುಂದುವರಿಯಬೇಕು, ಸ್ಥಳೀಯ ಕಾರ್ಯಕರ್ತರ ಕೈಯಲ್ಲಿ ಇರಬೇಕು. ದಾರಿ ಕಡಿದು ತಂಡಗಳು ಮುಟ್ಟಲಾಗದ ದಿನಗಳಲ್ಲಿ ಫೋನು ನೆರವಿಗೆ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಆರು ತಿಂಗಳ ನಂತರ ತಂಡಗಳು ಮರಳಿದ ಮೇಲೆ ಅದೇ ದನಿ ಮತ್ತೆ ಕರೆ ಮಾಡಿ ವಿಚಾರಿಸಲು ಸಾಧ್ಯವಾಗುವುದು ದೂರ ಸಮಾಲೋಚನೆಯ ನಿಜವಾದ ಬಲ.

ಸಾಲ ಇನ್ನೊಂದು ಭಾರ. ನೀರಿನ ತೆರಿಗೆಯ ವಿರುದ್ಧದ 1980ರ ನರಗುಂದದ ಬಂಡಾಯದಿಂದ 2015ರಲ್ಲಿ ಆರಂಭವಾದ ಮಹದಾಯಿ ಹೋರಾಟದವರೆಗೆ ಈ ನೆಲದ ರೈತರು ಸಂಕಟವನ್ನು ಬೀದಿಯಲ್ಲಿ ನಿಂತು ಹೇಳಿದವರು. ಮನೆಯೊಳಗಿನ ಸಂಕಟ ಹೇಳುವ ಬಾಯಿ ಬೇರೆ. ಗಂಡಸರಿಗೆ ಅಳುವುದು ನಾಚಿಕೆ. ಸ್ವಸಹಾಯ ಸಂಘದ ಸಾಲದ ಕಂತು ಕಟ್ಟಲಾಗದ ಹೆಂಗಸರಿಗೆ ಓಣಿಯವರ ಎದುರು ತಲೆ ಎತ್ತುವುದೇ ಕಷ್ಟ. ಕಿರುಸಾಲ ಕಂಪನಿಗಳ ವಸೂಲಿಯ ಕಿರುಕುಳಕ್ಕೆ ಸಾವುಗಳಾದಾಗ ಕರ್ನಾಟಕ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಸಮಾಲೋಚಕರಿಗೆ ಇಂಥ ಕಾನೂನು, ಬೆಳೆವಿಮೆ, ಪರಿಹಾರದ ಅರ್ಜಿಯ ತಿಳಿವಳಿಕೆ ಇರಲೇಬೇಕು. ಉಸಿರಾಟದ ಅಭ್ಯಾಸ ಹೇಳಿಕೊಟ್ಟು ವಸೂಲಿಗಾರನ ವಿಷಯ ಬಿಟ್ಟರೆ ಕೇಳುವವನಿಗೆ ಅದು ಉಪದೇಶದಂತೆ ತಾಗುತ್ತದೆ. ಅಪಾಯದ ಸುಳಿವಿದ್ದ ಮನೆಯಲ್ಲಿ ಹೊಲಕ್ಕೆ ಹೊಡೆಯುವ ಕೀಟನಾಶಕವನ್ನು ಕೈಗೆ ಸಿಗದಂತೆ ಬೇರೆಯವರ ವಶದಲ್ಲಿ, ಬೀಗದಲ್ಲಿ ಇರಿಸಲು ಮನೆಯವರನ್ನು ಒಪ್ಪಿಸುವುದು ಆ ಕರೆಯ ಅತಿ ಮುಖ್ಯ ಕೆಲಸ. ಕಡು ಗಳಿಗೆ ದಾಟಿಹೋಗಲು ಬಿಟ್ಟರೆ ಜೀವ ಉಳಿಯುತ್ತದೆ ಎಂಬುದು ಜಗತ್ತಿನ ಹಲವೆಡೆ ಸಿದ್ಧವಾದ ಮಾತು.

ಭಾಷೆಯ ಆಯ್ಕೆಯಲ್ಲಿ ‘ಕನ್ನಡ’ ಎಂದು ಒತ್ತಿದ ಮಾತ್ರಕ್ಕೆ ಭಾಷೆಯ ಪ್ರಶ್ನೆ ಮುಗಿಯುವುದಿಲ್ಲ. ಈ ಕಡೆಯವರು ಖಿನ್ನತೆ, ಆತಂಕ ಎನ್ನುವುದಿಲ್ಲ. “ಎದಿ ಹಾರತೈತಿ”, “ಜೀವಕ್ಕ ಬ್ಯಾಸರಾಗೇತಿ”, “ನಿದ್ದಿ ಬರವಲ್ದು”, “ತಲಿ ಒಂಥರಾ ಆಗೇತಿ”, “ಮನಸಿಗೆ ಹಚ್ಚಿಕೊಂಡಾಳ” ಎನ್ನುತ್ತಾರೆ. ಹೊಟ್ಟೆ, ಎದೆ, ಕೈಕಾಲು ನೋವೆಂದು ಶುರುವಾದ ಮಾತು ನಾಲ್ಕನೆಯ ಕರೆಯಲ್ಲಿ ಮನೆಯ ಜಗಳಕ್ಕೆ ಬರಬಹುದು. ಪ್ರಮಾಣಿತ ಪ್ರಶ್ನಾವಳಿಯ ಗ್ರಾಂಥಿಕ ಕನ್ನಡವನ್ನು ಹಾಗೆಯೇ ಓದಿದರೆ “ಹೌದ್ರಿ, ಹೌದ್ರಿ” ಎಂಬ ಉತ್ತರವೇ ಬರುತ್ತದೆ. ದೊಡ್ಡವರಿಗೆ ಇಲ್ಲ ಎನ್ನಬಾರದೆಂಬ ಮರ್ಯಾದೆ ಅದು. ‘ಅವ್ವ’, ‘ಅಕ್ಕಾರ’, ‘ಯಜಮಾನ್ರ’ ಎಂದು ಕರೆದು, ಬೆಳೆ, ಮಳೆ ವಿಚಾರಿಸಿ ಒಳಗೆ ಹೋಗುವ ಸಮಾಲೋಚಕರಿಗೆ ದೊರೆಯುವ ಉತ್ತರವೇ ಬೇರೆ. ದೇವರ ಹರಕೆ, ಗಾಳಿ ಸೋಕು, ತಾಯಿತದ ಮಾತು ಬಂದಾಗ ಅಲ್ಲಗಳೆಯದೆ, ಅದರ ಜೊತೆಗೇ ಆಸ್ಪತ್ರೆಯನ್ನೂ ತೋರಿಸಲು ಹೇಳುವವರ ಮಾತು ನಡೆಯುತ್ತದೆ. ಧಾರವಾಡದಲ್ಲಿ ಕುಳಿತ ಸಮಾಲೋಚಕರಿಗೆ ಇಲ್ಲಿ ಇರುವ ಅನುಕೂಲ ಬೆಂಗಳೂರಿನಲ್ಲಿ ಬೆಳೆದವರಿಗೆ ಸುಲಭವಾಗಿ ಸಿಗದು. ಈ ಕಾರಣಕ್ಕೆ ಸೀಮೆಯ ಯುವಕ ಯುವತಿಯರಿಗೆ ತರಬೇತಿ ಕೊಟ್ಟು ಇಲ್ಲಿಂದಲೇ ಕೆಲಸ ಮಾಡಿಸುವುದು ಸರ್ಕಾರ ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸಗಳಲ್ಲಿ ಒಂದು.

ಫೋನು ಯಾರ ಕೈಯಲ್ಲಿದೆ ಎಂಬುದು ಮತ್ತೊಂದು ಪ್ರಶ್ನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಮಹಿಳೆಯರಲ್ಲಿ ತಾವೇ ಬಳಸುವ ಮೊಬೈಲ್ ಇದ್ದವರು ಸುಮಾರು 54%. ಉಳಿದವರ ಕರೆ ಗಂಡನ, ಮಗನ ಫೋನಿನಲ್ಲಿ ಆಗಬೇಕು; ಸಂಖ್ಯೆ ಅದರಲ್ಲೇ ಉಳಿಯುತ್ತದೆ. ಒಂದೇ ಪಡಸಾಲೆಯ ಮನೆಯಲ್ಲಿ ಅತ್ತೆ, ಮಾವ, ಮಕ್ಕಳ ನಡುವೆ ಗುಟ್ಟಿನ ಮಾತಿಗೆ ಜಾಗವಿಲ್ಲ. ಹೊಲದ ದಾರಿ, ಬಟ್ಟೆ ಒಗೆಯುವ ಹೊತ್ತು, ಆಶಾ ಕಾರ್ಯಕರ್ತೆಯ ಮನೆ, ಆರೋಗ್ಯ ಉಪಕೇಂದ್ರದ ಕೋಣೆ ಇವು ಕೆಲಸಕ್ಕೆ ಬರುವ ಜಾಗಗಳು. ಕರೆಯ ಹೊತ್ತನ್ನು ಕಚೇರಿಯ ವೇಳೆಗಿಂತ ಅವರ ಬಿಡುವಿಗೆ ಹೊಂದಿಸಬೇಕು. ಸುಗ್ಗಿಯಲ್ಲಿ ಬಿಡುವು ಸಂಜೆ ದೀಪ ಹಚ್ಚಿದ ಮೇಲೆಯೇ. ಗೋವೆ, ಮಂಗಳೂರು, ಬೆಂಗಳೂರಿಗೆ ದುಡಿಯಲು ಹೋದವರ ವಿಷಯದಲ್ಲಿ ದೂರ ಸಮಾಲೋಚನೆ ಎದುರುಬದುರು ಸಮಾಲೋಚನೆಗಿಂತ ಮೇಲು: ಊರು ಬದಲಾದರೂ ಅದೇ ಸಮಾಲೋಚಕರೊಡನೆ ಮಾತು ಮುಂದುವರಿಯುತ್ತದೆ.

ಪರಿಣಾಮ ಮತ್ತು ಮಿತಿ

ಅಮೆರಿಕದ ಶಿಕಾಗೊ ಪರಿಸರದಲ್ಲಿ ಖಿನ್ನತೆಯಿದ್ದ 325 ಜನರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ವಿಷಯದಲ್ಲಿ ಬಹಳ ಉಪಯುಕ್ತ. ಫೋನಿನಲ್ಲಿ ಚಿಕಿತ್ಸೆ ಪಡೆದವರಲ್ಲಿ ನಡುವೆ ಬಿಟ್ಟವರು 20.9%, ಮುಖಾಮುಖಿ ಪಡೆದವರಲ್ಲಿ 32.7%. ಚಿಕಿತ್ಸೆ ಮುಗಿದಾಗ ಎರಡೂ ಗುಂಪಿನ ಸುಧಾರಣೆ ಸರಿಸಮವಾಗಿತ್ತು. ಆರು ತಿಂಗಳ ನಂತರ ನೋಡಿದಾಗ ಮುಖಾಮುಖಿ ಗುಂಪು ಸ್ವಲ್ಪ ಮುಂದಿತ್ತು. ಫೋನು ಜನರನ್ನು ಹಿಡಿದಿಡುತ್ತದೆ, ಮುಖ ಕಂಡ ಭೇಟಿಯ ಪರಿಣಾಮ ತುಸು ಹೆಚ್ಚು ಕಾಲ ಉಳಿಯುತ್ತದೆ ಎಂದು ಇದರಿಂದ ಹೇಳಬಹುದು. ನೆರೆಯ ಗೋವೆಯಲ್ಲಿ ‘ಸಂಗತ್’ ಸಂಸ್ಥೆಯ ಅಧ್ಯಯನಗಳು ಬೇರೊಂದು ಪಾಠ ಕಲಿಸಿದವು: ವೃತ್ತಿಪರ ಪದವಿಯಿಲ್ಲದ ಸ್ಥಳೀಯರಿಗೆ ಚೆನ್ನಾಗಿ ತರಬೇತಿ, ಮೇಲ್ವಿಚಾರಣೆ ಕೊಟ್ಟರೆ ತೀವ್ರ ಖಿನ್ನತೆಯಲ್ಲಿಯೂ ಅವರ ಸಮಾಲೋಚನೆ ಫಲ ಕೊಡುತ್ತದೆ ಎಂದು 2017ರಲ್ಲಿ ಪ್ರಕಟವಾದ ಫಲಿತಾಂಶ ತೋರಿಸಿತು.

ತೀವ್ರ ಚಿತ್ತವಿಕಲತೆ, ಮದ್ಯ ಬಿಟ್ಟಾಗಿನ ನಡುಕ ಮತ್ತು ಭ್ರಮೆ, ಕೂಡಲೇ ಪ್ರಾಣಾಪಾಯ ಇರುವ ಸ್ಥಿತಿ, ಅದೇ ಮನೆಯಲ್ಲಿ ಹೊಡೆಯುವವರಿರುವಾಗಿನ ಕೌಟುಂಬಿಕ ಹಿಂಸೆ ಇವು ಫೋನಿನಲ್ಲಿ ನಿಭಾಯಿಸುವ ವಿಷಯಗಳಲ್ಲ. ಆಗ 108 ಆಂಬುಲೆನ್ಸ್, 112, ಮಹಿಳೆಯರ 181, ಮಕ್ಕಳ 1098, ಗದಗದ ಜಿಮ್ಸ್ ಆಸ್ಪತ್ರೆ, ಧಾರವಾಡದ ಡಿಮ್ಹಾನ್ಸ್ ಕಡೆಗೆ ದಾಟಿಸಬೇಕು. ಯಂತ್ರವೇ ಉತ್ತರಿಸುವ ಆ್ಯಪ್‌ಗಳೂ ಈಚೆಗೆ ಬಂದಿವೆ. ಬೆಂಗಳೂರಿನಲ್ಲಿ ಬೆಳೆದ ‘ವೈಸಾ’ ಅಂಥದ್ದು. ಓದು ಬಲ್ಲ ನಗರದ ಯುವಜನರಿಗೆ ಅವು ಮೊದಲ ಮೆಟ್ಟಿಲಾಗಬಹುದು. ಹೊಳೆದಂಡೆಯ ಹಳ್ಳಿಯಲ್ಲಿ ಸಾದಾ ಫೋನಿನ ಮಾತೇ ಬಹುಕಾಲ ಮುಖ್ಯವಾಗಿ ಉಳಿಯಲಿದೆ.

ಸಮಾಲೋಚಕರ ದುಡಿಮೆ

ದೂರದಿಂದ ದುಡಿಯುವ ಸಮಾಲೋಚಕರು ಎರಡು ಬಗೆ. ಸಹಾಯವಾಣಿಯ ಘಟಕದಲ್ಲಿ ಪಾಳಿಯಲ್ಲಿ ಕುಳಿತವರು ಒಂದು ಕಡೆ. ಮನೆಯಿಂದ ಖಾಸಗಿಯಾಗಿ ಅಥವಾ ಆನ್‌ಲೈನ್ ಸಂಸ್ಥೆಗಳ ಮೂಲಕ ಗೊತ್ತಾದ ಹೊತ್ತಿಗೆ ವಿಡಿಯೊ ಭೇಟಿ ನಡೆಸುವವರು ಇನ್ನೊಂದು ಕಡೆ. ಮಕ್ಕಳು ಸಣ್ಣವರಿರುವ ತಾಯಂದಿರಿಗೆ, ಓಡಾಟ ಕಷ್ಟವಾದ ಅಂಗವಿಕಲ ವೃತ್ತಿಪರರಿಗೆ, ಜಿಲ್ಲಾ ಕೇಂದ್ರ ಬಿಟ್ಟು ಹೋಗಲಾರದವರಿಗೆ ಎರಡನೆಯದು ವೃತ್ತಿಯನ್ನೇ ಉಳಿಸಿಕೊಟ್ಟಿದೆ. ಅದಕ್ಕೆ ಬೇಕಾದ ಏರ್ಪಾಡು ಸರಳ, ಆದರೆ ಕಟ್ಟುನಿಟ್ಟಿನದು: ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ, ದನಿ ಹೊರಬೀಳದಂತೆ ಹೆಡ್‌ಫೋನು, ವೃತ್ತಿಗೇ ಮೀಸಲಾದ ಬೇರೆ ಸಂಖ್ಯೆ, ಕರೆಂಟು ಹೋದರೂ ನಡೆಯುವ ಸಂಪರ್ಕ, ಬೀಗದಲ್ಲಿಡುವ ಟಿಪ್ಪಣಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಡಿಜಿಟಲ್ ರೂಪದ ಇಂಥ ದಾಖಲೆಗಳೂ ಬರುವುದರಿಂದ, ನೆರವು ಪಡೆಯುವವರ ವಿವರಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚಿಕೊಳ್ಳುವ ಅಭ್ಯಾಸ ನಿಲ್ಲಬೇಕು.

ಇಡೀ ದಿನ ಇತರರ ಸಂಕಟ ಕೇಳಿ ಕಿವಿಯಿಂದ ಹೆಡ್‌ಫೋನು ತೆಗೆದ ಕೂಡಲೇ ಅದೇ ಮನೆಯ ಅಡುಗೆಮನೆಗೆ ಹೋಗಬೇಕಾಗುವುದು ಈ ದುಡಿಮೆಯ ಕಠಿಣ ಭಾಗ. ಆಸ್ಪತ್ರೆಯಲ್ಲಿದ್ದರೆ ಪಕ್ಕದ ಕೋಣೆಯ ಸಹೋದ್ಯೋಗಿಯೊಡನೆ ಚಹಾ ಕುಡಿಯುತ್ತ ಹೇಳಿಕೊಳ್ಳುವ ಮಾತು ಇಲ್ಲಿಲ್ಲ. ಅರ್ಧಕ್ಕೆ ತುಂಡಾದ ಕರೆಯ ಆಚೆ ಏನಾಯಿತೆಂದು ತಿಳಿಯದೆ ರಾತ್ರಿ ಕಳೆಯುವುದೂ ಉಂಟು. ಆದ್ದರಿಂದ ನಿಯಮಿತ ಮೇಲ್ವಿಚಾರಣೆ ಇಲ್ಲಿ ಸೌಜನ್ಯದ ಮಾತಲ್ಲ, ಚಿಕಿತ್ಸೆಯ ಅಂಗ: ಬಿಗಿಯಾದ ಕರೆಯ ನಂತರ ಹಿರಿಯರೊಡನೆ ಚರ್ಚೆ, ಸತತ ಕರೆಗಳ ನಡುವೆ ಬಿಡುವು, ರಾತ್ರಿ ಪಾಳಿಯ ಮರುದಿನ ರಜೆ ಇರಬೇಕು. ಈ ಹುದ್ದೆಗಳಲ್ಲಿ ಬಹುಪಾಲು ಗುತ್ತಿಗೆಯವು. ಗುತ್ತಿಗೆ ಮುಗಿದು ಅನುಭವಿ ಸಮಾಲೋಚಕರು ಬಿಟ್ಟುಹೋದಾಗ, ಅವರ ದನಿಗೆ ಒಗ್ಗಿಕೊಂಡಿದ್ದ ಕರೆಗಾರರು ಹೊಸಬರೊಡನೆ ತಮ್ಮ ಕಥೆಯನ್ನು ಮೊದಲಿನಿಂದ ಹೇಳಬೇಕಾಗುತ್ತದೆ. ಎಷ್ಟೋ ಜನ ಮತ್ತೆ ಕರೆ ಮಾಡುವುದೇ ಇಲ್ಲ.